ಜೂನ್‌ನಲ್ಲಿ ಸೋರುವ ತಾರಸಿ ಒಡೆಯುವುದು ಏಪ್ರಿಲ್‌ನಲ್ಲಿ

ಮಿರಗದ ಮಳೆ ಎರಡು ದಿನ ಜೋರಾಗಿ ಹೊಡೆಯಿತೆಂದರೆ ಕಲಬುರಗಿ, ರಾಯಚೂರು ಕಡೆಯ ಸಿವಿಲ್ ಎಂಜಿನಿಯರುಗಳ ಫೋನಿಗೆ ಬಿಡುವಿರುವುದಿಲ್ಲ. 'ಸರ್, ಬೆಡ್‌ರೂಮಿನ ಮೂಲ್ಯಾಗ ಸೋರ್ಲಾಕತ್ತದ, ಇವತ್ತೇ ಯಾರನ್ನರ ಕಳಸ್ರಿ.' ಹೋಗಿ ನೋಡುತ್ತೇವೆ. ಆದರೆ ನೆನೆದ ತಾರಸಿಯ ಮೇಲೆ ಏನು ಬಳಿದರೂ ಹಿಡಿಯುವುದಿಲ್ಲ. ಆ ಬಿರುಕು ಬಿಟ್ಟಿದ್ದು ಬಿಸಿಲಿಗೆ, ಎರಡು ತಿಂಗಳು ಮುಂಚೆ. ಮಳೆ ಬಂದು ಅದನ್ನು ತೋರಿಸಿಕೊಟ್ಟಿತು, ಅಷ್ಟೇ. ಬೇಸಿಗೆಯಲ್ಲೇ ತಾರಸಿ ಹತ್ತಿ ನೋಡಿದ್ದರೆ ಕಡಿಮೆ ಖರ್ಚಿನಲ್ಲಿ ಮುಗಿಯುತ್ತಿದ್ದ ಕೆಲಸ, ಮಳೆಗಾಲದಲ್ಲಿ ದುಬಾರಿಯೂ ಆಗುತ್ತದೆ, ಅರೆಬರೆಯೂ ಆಗುತ್ತದೆ.

ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಭಾಗದಲ್ಲಿ ಗಾಳಿಯ ತಾಪಮಾನ 40 ಡಿಗ್ರಿ ದಾಟುತ್ತದೆ. ಅದು ನೆರಳಿನ ಲೆಕ್ಕ. ಮಧ್ಯಾಹ್ನ ಎರಡು ಗಂಟೆಗೆ ಬರಿ ಸಿಮೆಂಟಿನ ತಾರಸಿಯ ಮೈಗೆ ತಾಪಮಾಪಕ ಗನ್ ಹಿಡಿದರೆ 60 ದಾಟಿದ ಅಂಕಿ ಕಾಣುವುದು ಸಾಮಾನ್ಯ. ಬೆಳಗಿನ ಜಾವಕ್ಕೆ ಅದೇ ತಾರಸಿ ತಣ್ಣಗಿರುತ್ತದೆ. ಕಾಂಕ್ರೀಟು ಪ್ರತಿ ಡಿಗ್ರಿಗೆ, ಪ್ರತಿ ಮೀಟರಿಗೆ ಹತ್ತಿರ ಹತ್ತಿರ 0.01 ಮಿಲಿಮೀಟರ್ ಹಿಗ್ಗುತ್ತದೆ. ಹತ್ತು ಮೀಟರ್ ಉದ್ದದ ಸ್ಲ್ಯಾಬು 25 ಡಿಗ್ರಿ ಕಾದರೆ ಎರಡೂವರೆ ಮಿಲಿಮೀಟರ್ ಬೆಳೆಯಿತು ಎಂದಾಯಿತು. ರಾತ್ರಿ ಮತ್ತೆ ಅಷ್ಟೇ ಕುಗ್ಗುತ್ತದೆ. ಬೇಸಿಗೆಯುದ್ದಕ್ಕೂ ಪ್ರತಿದಿನ ಇದೇ ಎಳೆದಾಟ.

ಸ್ಲ್ಯಾಬಿನೊಳಗಿನ ಕಬ್ಬಿಣ ಹೆಚ್ಚುಕಡಿಮೆ ಕಾಂಕ್ರೀಟಿನಷ್ಟೇ ಹಿಗ್ಗುವುದರಿಂದ ಅವೆರಡರ ನಡುವೆ ಜಗಳವಿಲ್ಲ. ಜಗಳವಿರುವುದು ಸ್ಲ್ಯಾಬಿಗೂ ಅದನ್ನು ಹೊತ್ತ ಗೋಡೆಗೂ. ಇಟ್ಟಿಗೆ ಗೋಡೆ ಹಿಗ್ಗುವುದು ಕಾಂಕ್ರೀಟಿನ ಸುಮಾರು ಅರ್ಧದಷ್ಟು, ಅದಕ್ಕೆ ತಾಗುವ ಬಿಸಿಲೂ ಕಡಿಮೆ. ಸ್ಲ್ಯಾಬು ಹೊರಕ್ಕೆ ತಳ್ಳುತ್ತದೆ, ಗೋಡೆ ಬರಲೊಲ್ಲದು. ಅದಕ್ಕೇ ಮೇಲಿನ ಅಂತಸ್ತಿನ ಗೋಡೆಯಲ್ಲಿ, ಛಾವಣಿಗೆ ತಾಗಿದಂತೆ, ದಾರ ಎಳೆದ ಹಾಗೆ ಅಡ್ಡ ಬಿರುಕು ಮೂಡುತ್ತದೆ. ಪಡುವಣ ಗೋಡೆಯಲ್ಲಿ ಹೆಚ್ಚು. ಮೂಲೆಗಳಲ್ಲಿ ಅದೇ ಬಿರುಕು ಓರೆಯಾಗಿ ಕೆಳಗಿಳಿಯುತ್ತದೆ.

ಇದನ್ನು ಕಂಡು 'ಬುನಾದಿ ಕುಸಿದದ' ಎಂದು ಗಾಬರಿಯಾಗುವವರು ಬಹಳ. ಗಾಬರಿ ಬೀಳುವ ಮುಂಚೆ ಒಂದು ಸಂಗತಿ ನೋಡಿ. ಬಿರುಕು ಮೇಲಿನ ಅಂತಸ್ತಿನಲ್ಲಿ ಮಾತ್ರ ಇದೆಯೇ, ಛಾವಣಿಯ ಹತ್ತಿರ ಇದ್ದು ಕೆಳಗೆ ಬರುತ್ತಾ ಮಾಯವಾಗುತ್ತದೆಯೇ? ಹಾಗಿದ್ದರೆ ಬಹುಮಟ್ಟಿಗೆ ಅದು ಬಿಸಿಲಿನ ಬಿರುಕು. ನೆಲದ ಮಟ್ಟದಿಂದಲೇ ಶುರುವಾಗಿ ಮೇಲಕ್ಕೆ ಹೋಗಿದ್ದರೆ, ಬಾಗಿಲು ಕಿಟಕಿಗಳು ಹಿಡಿಯುತ್ತಿದ್ದರೆ ಬುನಾದಿಯನ್ನು ಅನುಮಾನಿಸಬೇಕು. ಆಗ ತಡ ಮಾಡದೆ ತಿಳಿದವರನ್ನು ಕರೆಸಿ.

ಹೊಸದಾಗಿ ಮನೆ ಕಟ್ಟುವವರು ಈ ಅಡ್ಡ ಬಿರುಕನ್ನು ಮೊದಲೇ ತಡೆಯಬಹುದು. ಸ್ಲ್ಯಾಬು ಕೂರುವ ಗೋಡೆಯ ತಲೆಯನ್ನು ಗಾರೆಯಿಂದ ನುಣ್ಣಗೆ ಮಾಡಿ, ಡಾಂಬರು ಬಳಿದು, ಮೇಲೆ ದಪ್ಪ ಕಾಗದ ಹಾಸಿ ಆಮೇಲೆ ಕಾಂಕ್ರೀಟು ಹಾಕಿದರೆ ಸ್ಲ್ಯಾಬಿಗೆ ಜಾರಲು ಎಡೆ ಸಿಗುತ್ತದೆ. ಗೌಂಡಿಗೆ ಹೇಳಿದರೆ ಒಂದು ದಿನದ ಕೆಲಸವೂ ಅಲ್ಲ, ಆದರೂ ಮಾಡಿಸುವವರು ಕಡಿಮೆ. ಬೇಸಿಗೆಯಲ್ಲಿ ಸ್ಲ್ಯಾಬು ಹಾಕಿಸಿದರೆ ಕ್ಯೂರಿಂಗ್, ಅಂದರೆ ಹೊಸ ಕಾಂಕ್ರೀಟಿಗೆ ನೀರುಣಿಸಿ ತೇವವಾಗಿಡುವ ವಿಷಯದಲ್ಲಿ ದಯವಿಟ್ಟು ಕೈ ಬಿಗಿ ಹಿಡಿಯಬೇಡಿ. ಒಣ ಬಿಸಿಲಿನ ಹವೆಗೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುವುದು ಕನಿಷ್ಠ 10 ದಿನ. ಈಗ ಹೆಚ್ಚಾಗಿ ಸಿಗುವ ಹಾರುಬೂದಿ ಬೆರೆತ ಸಿಮೆಂಟಿಗೆ 14 ದಿನ. ವಾರಕ್ಕೇ ನೀರು ನಿಲ್ಲಿಸಿದ ಸ್ಲ್ಯಾಬು ಬಿರುಕಿನೊಂದಿಗೇ ಬದುಕು ಶುರು ಮಾಡುತ್ತದೆ.

ಇನ್ನು ತಾರಸಿಯ ಮೇಲ್ಮೈ. ಕಾದ ತಾರಸಿಗೆ ಮೇ ತಿಂಗಳ ಸಂಜೆ ಗುಡುಗು ಮಳೆ ಬಿದ್ದರೆ ಮೇಲಿನ ಪದರ ಕ್ಷಣದಲ್ಲಿ ತಣಿದು ಕುಗ್ಗುತ್ತದೆ, ಒಳಗಿನದು ಇನ್ನೂ ಬಿಸಿಯಾಗಿಯೇ ಇರುತ್ತದೆ. ಆ ಬಿಗಿತಕ್ಕೆ ಮೇಲಿನ ಸಿಮೆಂಟ್ ಪದರ ಜೇಡರ ಬಲೆಯಂತೆ ಸೀಳುತ್ತದೆ. ಅಂಥ ಮಳೆಯ ಮರುದಿನ ತಾರಸಿಗೆ ಹೋಗಿ. ಮೈಯೆಲ್ಲ ಒಣಗಿದ ಮೇಲೂ ಬಿರುಕಿನ ಗೆರೆಗಳು ಸ್ವಲ್ಪ ಹೊತ್ತು ತೇವ ಹಿಡಿದು ಕಪ್ಪಗೆ ಎದ್ದು ಕಾಣುತ್ತವೆ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಸಂದು, ನೀರಿಳಿಯುವ ಪೈಪಿನ ಬಾಯಿ, ಟ್ಯಾಂಕಿನ ಕಟ್ಟೆಯ ಬುಡ, ಈ ಮೂರನ್ನು ಬಗ್ಗಿ ನೋಡಬೇಕು. ನಾನು ನೋಡಿದ ಸೋರಿಕೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಒಳಗಿಳಿದಿವೆ, ಬಯಲಾಗಿರುವ ನಡು ಭಾಗದಿಂದಲ್ಲ.

ಬಿರುಕಿಗೆ ಸಿಮೆಂಟು ನೀರು ಕಲಸಿ ತುಂಬುವುದು ನಮ್ಮಲ್ಲಿ ರೂಢಿ. ದಿನಾ ಹಿಗ್ಗಿ ಕುಗ್ಗುವ ಬಿರುಕಿನಲ್ಲಿ ಗಟ್ಟಿ ಸಿಮೆಂಟು ನಿಲ್ಲುವುದಿಲ್ಲ. ಪಕ್ಕದಲ್ಲೇ ಮತ್ತೊಂದು ಗೆರೆ ಬಿಡುತ್ತದೆ. ಬಿರುಕನ್ನು ಗ್ರೈಂಡರ್‌ನಿಂದ ಸ್ವಲ್ಪ ಅಗಲಿಸಿ, ಧೂಳು ತೆಗೆದು, ರಬ್ಬರಿನ ಹಾಗೆ ಎಳೆದರೆ ಬರುವ ಪಾಲಿಯುರಿಥೇನ್ ಸೀಲೆಂಟ್ ತುಂಬಬೇಕು. ಯಾವ ಹೊತ್ತಿನಲ್ಲಿ ತುಂಬುತ್ತೀರಿ ಎಂಬುದೂ ಮುಖ್ಯ. ಮಧ್ಯಾಹ್ನ ಸ್ಲ್ಯಾಬು ಹಿಗ್ಗಿ ಬಿರುಕು ಮುಚ್ಚಿಕೊಂಡಿರುತ್ತದೆ, ಬೆಳಗಿನ ಜಾವ ಬಾಯಿ ಬಿಟ್ಟಿರುತ್ತದೆ. ಹಾಗಾಗಿ ಬಿರುಕು ತುಂಬುವ ಕೆಲಸ ಬೆಳಿಗ್ಗೆ ಬೇಗ.

ಮೇಲೆ ಬಳಿಯುವ ವಾಟರ್‌ಪ್ರೂಫ್ ಕೋಟಿಂಗಿಗೆ ಮಾತ್ರ ಸಂಜೆ ಹೊತ್ತು. ಬಿಸಿಲೇರುವಾಗ ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿರುವ ಗಾಳಿ ಹಿಗ್ಗಿ ಹೊರಗೆ ನುಗ್ಗುತ್ತದೆ. ಆಗ ಬಳಿದ ಪದರದಲ್ಲಿ ಸೂಜಿಮೊನೆಯಂಥ ತೂತುಗಳು, ಗುಳ್ಳೆಗಳು ಏಳುತ್ತವೆ. ಉಗುರಿನಿಂದ ಒತ್ತಿದರೆ ಪುಟ್ಟ ಗುಳ್ಳೆ ಪಟ್ ಎಂದು ಒಡೆದು ಕೆಳಗೆ ಬರಿ ಸಿಮೆಂಟು ಕಾಣುತ್ತದೆ. ಬೆಲೆಬಾಳುವ ಡಬ್ಬಿ ತಂದರೂ ಸೋರುವುದು ನಿಂತಿಲ್ಲ ಎನ್ನುವ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಬಿಸಿಲು ಇಳಿಯುವಾಗ ಬಳಿದರೆ ತಣಿಯುವ ಕಾಂಕ್ರೀಟು ಬಣ್ಣವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಉರಿಬಿಸಿಲಲ್ಲಿ ದುಡಿಯುವ ಹುಡುಗರ ಆರೋಗ್ಯಕ್ಕೂ ಇದೇ ಸರಿಯಾದ ಪಾಳಿ.

ಇಷ್ಟೆಲ್ಲ ರಿಪೇರಿಗಿಂತ ಮೊದಲು ಕೇಳಬೇಕಾದದ್ದು, ಸ್ಲ್ಯಾಬು ಅಷ್ಟು ಕಾಯುವುದನ್ನೇ ತಪ್ಪಿಸಲಾಗದೇ ಎಂದು. ಆಗುತ್ತದೆ. ನಮ್ಮ ಹಳೆಯ ಮಾಳಿಗೆ ಮನೆಗಳ ಮೇಲೆ ಜಂತಿ, ಹಲಗೆಗಳ ಮೇಲೆ ದಪ್ಪ ಮಣ್ಣಿತ್ತು. ಬಿಸಿಲು ಒಳಗಿಳಿಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಐದು ಇಂಚಿನ ಸ್ಲ್ಯಾಬಿಗೆ ಆ ತಾಳ್ಮೆ ಇಲ್ಲ. ಮಧ್ಯಾಹ್ನದ ಕಾವು ಕೆಲವೇ ಗಂಟೆಗಳಲ್ಲಿ ಕೆಳಗಿಳಿದು, ರಾತ್ರಿ ಮಲಗುವ ಹೊತ್ತಿಗೆ ಫ್ಯಾನು ಬಿಸಿಗಾಳಿ ತಳ್ಳುತ್ತದೆ. ಇದಕ್ಕೆ ಎಲ್ಲಕ್ಕಿಂತ ಅಗ್ಗದ ಮದ್ದು ಬಿಳಿ ಬಣ್ಣ. ಬಿಳಿ ಮೈ ಬಿಸಿಲಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಒಂದೇ ತಾರಸಿಯ ಅರ್ಧಕ್ಕೆ ಬಿಳಿ ಬಳಿದು ಮಧ್ಯಾಹ್ನ ಬರಿಗೈ ಇಟ್ಟು ನೋಡಿ. ಬಿಳಿ ಕಡೆ ಇಟ್ಟ ಕೈ ನಿಲ್ಲುತ್ತದೆ, ಇನ್ನೊಂದು ಕಡೆ ನಿಲ್ಲುವುದಿಲ್ಲ. ಕಾವು ಇಳಿದಷ್ಟೂ ಎಳೆದಾಟ ಇಳಿಯುತ್ತದೆ, ಬಿರುಕೂ ಇಳಿಯುತ್ತದೆ. ತಂಪಿಗಾಗಿ ಬಳಿದ ಬಿಳಿ ಬಣ್ಣ ಸೋರಿಕೆಯನ್ನೂ ತಡೆಯುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಕೂಲ್ ರೂಫ್ ಪೇಂಟ್ ಕೆಲವು ವರ್ಷ ಬಾಳುತ್ತದೆ. ಕೈಯಲ್ಲಿ ಅಷ್ಟು ದುಡ್ಡಿಲ್ಲದವರಿಗೆ ಫೆವಿಕಾಲ್ ಬೆರೆಸಿದ ಸುಣ್ಣ ಸಾಕು. ಮಳೆಗೆ ತೊಳೆದುಹೋಗುತ್ತದೆ, ಪ್ರತಿ ವರ್ಷ ಯುಗಾದಿಯ ಆಸುಪಾಸಿನಲ್ಲಿ ಹೊಸದಾಗಿ ಬಳಿಯಬೇಕು. ಸುಟ್ಟ ಸುಣ್ಣ ನೀರಿಗೆ ಹಾಕಿದರೆ ಕುದ್ದು ಸಿಡಿಯುತ್ತದೆ, ಮಕ್ಕಳನ್ನು ದೂರ ಇಡಿ, ಕಣ್ಣು ಜೋಪಾನ. ಧೂಳು ಕೂತ ಬಿಳಿ ತಾರಸಿ ಅರ್ಧ ಕೆಲಸವನ್ನೂ ಮಾಡುವುದಿಲ್ಲ, ಆಗಾಗ ಗುಡಿಸಿ ತೊಳೆಯಿರಿ.

ಸೋರುತ್ತದೆಂದು, ಕಾಯುತ್ತದೆಂದು ಹಳೆಯ ಪದರದ ಮೇಲೆ ಇನ್ನೊಂದು ಪದರ ಹಾಕಿಸುವುದು ಮಾತ್ರ ಬೇಡ. ಕೋಬಾ, ಅಂದರೆ ಇಟ್ಟಿಗೆ ಚೂರು, ಗಾರೆ ಸೇರಿಸಿ ಹಾಸುವ ಪದರ, ನಾಲ್ಕು ಇಂಚು ದಪ್ಪವಿದ್ದರೆ ಒಂದು ಚದರ ಮೀಟರಿಗೆ ಸುಮಾರು 200 ಕಿಲೋ ಭಾರ. ಜನ ಓಡಾಡುವ ತಾರಸಿಯ ಮೇಲೆ ಬರುವ ಭಾರಕ್ಕೆಂದು ಲೆಕ್ಕದಲ್ಲಿ ಹಿಡಿಯುವುದೇ 150 ಕಿಲೋ. ಹಳೆಯದನ್ನು ಕಿತ್ತು ಹಾಕಿಸಿ, ಇಲ್ಲವೇ ಬಿಡಿ.

ಪತ್ರಾಸ್, ಅಂದರೆ ತಗಡಿನ ಛಾವಣಿಯ ಮನೆಯವರ ಕಷ್ಟ ಇದಕ್ಕಿಂತ ದೊಡ್ಡದು. ತಗಡು ಕ್ಷಣದಲ್ಲಿ ಕಾಯುತ್ತದೆ. ಆರು ಮೀಟರಿನ ಶೀಟು ಮಧ್ಯಾಹ್ನದ ಹೊತ್ತಿಗೆ ಮೂರು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಬೋಲ್ಟಿನ ತೂತು ಬಿಗಿಯಾಗಿದ್ದರೆ ಅಲ್ಲೇ ಹರಿಯುತ್ತದೆ, ರಬ್ಬರ್ ವಾಷರ್ ಬಿಸಿಲಿಗೆ ಬಿರಿದು ಪುಡಿಯಾಗುತ್ತದೆ. ತೂತನ್ನು ಬೋಲ್ಟಿಗಿಂತ ಎರಡು ಮೂರು ಮಿಲಿಮೀಟರ್ ದೊಡ್ಡದಾಗಿ ಕೊರೆಸಿ, ಮೇ ಮುಗಿಯುವುದರೊಳಗೆ ವಾಷರ್‌ಗಳನ್ನು ಬದಲಿಸಿ. ಮೇಲೆ ಬಿಳಿ ಬಣ್ಣ ಬಳಿದರೆ ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ಗೊತ್ತಾಗುವುದು ಇಂಥ ಮನೆಗಳಲ್ಲೇ. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಐದು ವರ್ಷದ ನೀತಿ ತಂದಿದೆ. ಗಡಿಯ ಈಚೆಯ ಬಿಸಿಲೂ ಅದೇ ಬಿಸಿಲು. ನಮ್ಮ ಅಂಗನವಾಡಿ, ಸರ್ಕಾರಿ ಶಾಲೆಗಳ ತಾರಸಿಗಳಿಂದಾದರೂ ಇದು ಶುರುವಾಗಲಿ. ಅದಕ್ಕೆ ಬೇಕಾದದ್ದು ಸುಣ್ಣ, ಕುಂಚ ಮತ್ತು ಮಾರ್ಚ್ ತಿಂಗಳ ಎರಡು ಸಂಜೆ.