ರೀಬೂಟ್ ಆದರೆ ಹಳೆಯದೇ ವಾಪಸ್: ಆ ಫೈಲ್ ಬರೆಯೋರು ಯಾರು?

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನ ಅಕ್ಕನ ಮಗ ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ಇಟ್ಟಿದ್ದಾನೆ. ಕಂಪ್ಯೂಟರಿನಲ್ಲಿ ಉಬುಂಟು ಲಿನಕ್ಸ್. ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಸ್ವಲ್ಪ ಹೊತ್ತಿಗೆ ಅವನ ಫೋನ್: ‘ಮಾಮಾ, ನಿನ್ನೆ ಬರದಿದ್ದು ಹೋಗ್ಯದ. ಮತ್ತ ಹಳೀದೇ ಬಂದದ ನೋಡ್ರಿ.’

ಅವನು ಬರೆದಿದ್ದು ಒಂದೇ ಸಾಲು. ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ಐಪಿ ನಂಬರ್ ಹುಡುಕಿ ಹೇಳುವ ಕಂಪ್ಯೂಟರಿಗೆ ನೇಮ್ ಸರ್ವರ್ ಅಂತಾರೆ. ಅವನ ಇಂಟರ್ನೆಟ್ ಜೊತೆಗೆ ಬಂದಿದ್ದ ನೇಮ್ ಸರ್ವರ್ ತುಂಬಾ ನಿಧಾನ. ಅದಕ್ಕೆ ಇಟಿಸಿ ಫೋಲ್ಡರಿನಲ್ಲಿರುವ ರಿಸಾಲ್ವ್ ಡಾಟ್ ಕಾನ್ಫ್ ಫೈಲ್ ತೆರೆದು, ಗೂಗಲ್‌ನ 8.8.8.8 ಹಾಕಿದ್ದ. ಕೆಲಸ ಚುರುಕಾಗಿತ್ತು. ರೀಬೂಟ್ ಆದ ಮೇಲೆ ನೋಡಿದರೆ ಆ ಜಾಗದಲ್ಲಿ 127.0.0.53.

ಸೇವ್ ಆಗಿರಲಿಲ್ಲವೇನೋ, ಡಿಸ್ಕ್ ಕೆಟ್ಟಿದೆಯೇನೋ ಅಂತ ಅವನ ಭಯ. ಎರಡೂ ಅಲ್ಲ. ಅವನು ಬರೆದದ್ದು ಸೇವ್ ಆಗಿತ್ತು. ಆದರೆ ಆ ಫೈಲನ್ನು ಬರೆಯುವ ಇನ್ನೊಬ್ಬರು ಇದ್ದರು.

ನಮ್ಮ ಮನೆಗಳಲ್ಲಿ ಬೆಳಿಗ್ಗೆ ಅಂಗಳಕ್ಕೆ ಥಳಿ ಹೊಡೆದು ರಂಗೋಲಿ ಹಾಕುತ್ತಾರೆ ಅಲ್ವಾ? ರಾತ್ರಿ ನೀವು ಹೋಗಿ ಅದರಲ್ಲಿ ಎರಡು ಎಳೆ ಬದಲಿಸಿದಿರಿ ಅಂದುಕೊಳ್ಳಿ. ಬೆಳಿಗ್ಗೆ ಅಂಗಳ ತೊಳೆದು, ಅವ್ವ ತನ್ನ ರಂಗೋಲಿ ಪುಸ್ತಕ ನೋಡಿ ಮತ್ತೆ ಹಳೆಯದನ್ನೇ ಹಾಕುತ್ತಾಳೆ. ನಿಮ್ಮ ಎಳೆ ಉಳಿಯಬೇಕಾದರೆ ಪುಸ್ತಕದಲ್ಲಿ ಬದಲಿಸಬೇಕು.

ಸಂಜೆ ಅಂಗಡಿಗೆ ಹೋಗಿ, ಆ ಫೈಲಿನ ವಿವರ ನೋಡಲು ಎಲ್‌ಎಸ್ ಕಮಾಂಡನ್ನು ಮೈನಸ್ ಎಲ್ ಸೇರಿಸಿ ಓಡಿಸಿದೆವು. ಫೈಲ್ ಹೆಸರಿನ ಮುಂದೆ ಒಂದು ಬಾಣದ ಗುರುತು ಕಂಡಿತು. ಅಂದರೆ ಇದು ಬರೀ ದಾರಿ ತೋರಿಸುವ ಲಿಂಕ್. ಬಾಣ ಹೋಗಿದ್ದು ರನ್ ಅನ್ನೋ ಫೋಲ್ಡರಿಗೆ. ಅಲ್ಲಿನ ಫೈಲುಗಳು ಡಿಸ್ಕಿನಲ್ಲಿ ಇರೋದಿಲ್ಲ, ರ‍್ಯಾಮಿನಲ್ಲಿ ಇರುತ್ತವೆ. ಕರೆಂಟ್ ಹೋದರೆ ಅವೂ ಹೋಗುತ್ತವೆ. ಮಷೀನ್ ಶುರುವಾದಾಗ ಸಿಸ್ಟಮ್‌ಡಿ ರಿಸಾಲ್ವ್‌ಡಿ ಅನ್ನೋ ಪ್ರೋಗ್ರಾಂ ಆ ಫೈಲನ್ನು ಹೊಸದಾಗಿ ಬರೆಯುತ್ತದೆ. 127.0.0.53 ಅಂದರೆ ಅದೇ ಪ್ರೋಗ್ರಾಂ. ಅದು ಕೂತಿರೋದು ನಿಮ್ಮದೇ ಮಷೀನಿನ ಒಳಗೆ. ಫೈಲಿನ ತಲೆಯ ಮೇಲೆ ‘ಇದನ್ನು ತಿದ್ದಬೇಡಿ’ ಅಂತ ಇಂಗ್ಲಿಷಿನಲ್ಲಿ ಬರೆದೇ ಇತ್ತು. ಹ್ಯಾಶ್ (#) ಗುರುತಿನಿಂದ ಶುರುವಾಗುವ ಇಂಥ ಸಾಲುಗಳನ್ನು ನಾವು ಓದದೆ ದಾಟಿಬಿಡುತ್ತೇವೆ. ದಯವಿಟ್ಟು ಓದಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಹೀಗೆ ಯಾಕೆ ಮಾಡಿದರು? ಮೊದಲು ಕಂಪ್ಯೂಟರ್ ಒಂದೇ ಕಡೆ, ಒಂದೇ ಕೇಬಲಿಗೆ ಇರುತ್ತಿತ್ತು. ನೇಮ್ ಸರ್ವರ್ ಒಮ್ಮೆ ಕೈಯಲ್ಲಿ ಬರೆದರೆ ಮುಗಿಯಿತು. ಈಗ ಒಂದೇ ಲ್ಯಾಪ್‌ಟಾಪ್ ಬೆಳಿಗ್ಗೆ ಮನೆಯ ವೈಫೈ, ಮಧ್ಯಾಹ್ನ ಕಾಲೇಜು, ಸಂಜೆ ಮೊಬೈಲ್ ಹಾಟ್‌ಸ್ಪಾಟ್ ಹಿಡಿಯುತ್ತದೆ. ಪ್ರತಿ ಸಲ ನೇಮ್ ಸರ್ವರ್ ಬೇರೆ. ಅದನ್ನು ಬದಲಿಸುವ ಕೆಲಸ ಪ್ರೋಗ್ರಾಂಗೇ ಬಿಡಬೇಕಾಯಿತು.

ಯಾರೂ ತಿದ್ದದ ಹಾಗೆ ಫೈಲಿಗೆ ಚಾಟರ್ ಕಮಾಂಡಿನಿಂದ ಬೀಗ ಹಾಕಿಬಿಡಿ ಅಂತ ಕೆಲವರು ಹೇಳುತ್ತಾರೆ. ನನಗೆ ಆ ದಾರಿ ಸ್ವಲ್ಪವೂ ಇಷ್ಟ ಇಲ್ಲ. ಆರು ತಿಂಗಳಾದ ಮೇಲೆ ಬೀಗ ಹಾಕಿದ್ದು ನಿಮಗೇ ಮರೆತಿರುತ್ತದೆ. ಬೇರೆ ನೆಟ್‌ವರ್ಕಿಗೆ ಹೋದಾಗ ಏನೂ ತೆರೆಯದೇ ಹೋಗಬಹುದು, ಯಾಕೆ ಅಂತಲೂ ಗೊತ್ತಾಗುವುದಿಲ್ಲ.

ಎಲ್ಲ ಫೈಲುಗಳ ಕಥೆ ಇದೇ ಅಲ್ಲ. ಪ್ರಾಕ್ ಫೋಲ್ಡರಿನಲ್ಲಿ ಸ್ವಾಪಿನೆಸ್ (ಮೆಮೊರಿಯಲ್ಲಿ ಇರುವುದನ್ನು ಡಿಸ್ಕಿಗೆ ಎಷ್ಟರ ಮಟ್ಟಿಗೆ ಸರಿಸಬೇಕು ಅನ್ನೋ ಸೆಟ್ಟಿಂಗ್) ಬೆಲೆ 60 ಇದ್ದದ್ದನ್ನು 10 ಮಾಡಿದರೆ, ರೀಬೂಟ್ ಆದಾಗ ಮತ್ತೆ 60. ಅದು ಫೈಲಿನ ಹಾಗೆ ಕಾಣುತ್ತದೆ ಅಷ್ಟೇ. ನಿಜದಲ್ಲಿ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಅದರ ಒಳಗೆ ನೋಡುವ ಕಿಟಕಿ. ಬದಲಾವಣೆ ಉಳಿಯಲು ಇಟಿಸಿಯ ಸಿಸ್‌ಕಂಟ್ರೋಲ್ ಡಾಟ್ ಡಿ ಫೋಲ್ಡರಿನಲ್ಲಿ ಒಂದು ಫೈಲ್ ಬರೆದಿಡಬೇಕು. ಬಾಡಿಗೆ ಕ್ಲೌಡ್ ಸರ್ವರ್ ಆದರೆ ಹೆಸರು ಮತ್ತು ಐಪಿ ನಂಬರ್ ಜೋಡಿಸಿ ಬರೆದಿಡುವ ಹೋಸ್ಟ್ಸ್ ಫೈಲನ್ನು, ಸರ್ವರ್ ಶುರುವಾಗುವಾಗ ಸೆಟ್ಟಿಂಗ್ ಮಾಡುವ ಕ್ಲೌಡ್ ಇನಿಟ್ ಅನ್ನೋ ಪ್ರೋಗ್ರಾಂ ತಿದ್ದುತ್ತಿರಬಹುದು. ಪೆನ್‌ಡ್ರೈವಿನಿಂದ ಲೈವ್ ಲಿನಕ್ಸ್ ಓಡಿಸುತ್ತಿದ್ದರೆ ಸಾಮಾನ್ಯವಾಗಿ ಏನೂ ಉಳಿಯುವುದಿಲ್ಲ, ಎಲ್ಲ ರ‍್ಯಾಮಿನಲ್ಲೇ.

ಬರೆಯೋರು ಯಾರು ಅಂತ ಗೊತ್ತಾಗದಿದ್ದರೆ ಗಡಿಯಾರ ನೋಡಿ. ಸ್ಟ್ಯಾಟ್ ಕಮಾಂಡ್ ಫೈಲ್ ಕೊನೆಗೆ ಬದಲಾದ ಸಮಯ ಹೇಳುತ್ತದೆ. ಅಪ್‌ಟೈಮ್ ಕಮಾಂಡಿಗೆ ಮೈನಸ್ ಎಸ್ ಸೇರಿಸಿದರೆ ಮಷೀನ್ ಶುರುವಾದ ಸಮಯ ಸಿಗುತ್ತದೆ. ಎರಡಕ್ಕೂ ಕೆಲವೇ ಸೆಕೆಂಡ್ ಅಂತರ ಇದ್ದರೆ, ಶುರುವಾಗುವಾಗ ಓಡಿದ ಪ್ರೋಗ್ರಾಂ ಮೇಲೆ ಅನುಮಾನ ಪಡಿ. ಆಮೇಲೆ ಸುಮ್ನೆ ರೀಬೂಟ್ ಮಾಡುತ್ತಾ ಕೂರಬೇಡಿ. ಅನುಮಾನ ಇರುವ ಒಂದೊಂದೇ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ರೀಸ್ಟಾರ್ಟ್ ಮಾಡಿ, ಫೈಲ್ ಬದಲಾಯಿತಾ ಅಂತ ನೋಡಿ. ಇದರಿಂದ ನನಗೆ ಎಷ್ಟೋ ಸಂಜೆಗಳು ಉಳಿದಿವೆ.

ಅಳಿಯನ ಮಷೀನಿನಲ್ಲಿ ‘ಪುಸ್ತಕ’ ಇದ್ದದ್ದು ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ. ಅವನ ಕನೆಕ್ಷನ್ ತೆರೆದು, ಐಪಿವಿ4 ಪುಟದಲ್ಲಿ ಡಿಎನ್‌ಎಸ್ (ನೇಮ್ ಸರ್ವರ್ ತುಂಬುವ ಜಾಗ) ಎದುರಿನ ಆಟೋಮ್ಯಾಟಿಕ್ ಆಫ್ ಮಾಡಿ, 8.8.8.8 ತುಂಬಿದೆವು. ರೀಬೂಟ್ ಮಾಡಿದೆವು. ಅವನು ಓಡಿಹೋಗಿ ಹಳೆಯ ಫೈಲನ್ನೇ ತೆರೆದ. ಮುಖ ಬಾಡಿತು. ಅಲ್ಲಿ ಇನ್ನೂ 127.0.0.53.

‘ಅದು ಹಂಗೇ ಇರ್ತದ ಬಿಡು,’ ಅಂದೆ. ಫೈಲ್ ತೋರಿಸುವುದು ಒಳಗೆ ಕೂತ ಪ್ರೋಗ್ರಾಂ ಅನ್ನು. ಆ ಪ್ರೋಗ್ರಾಂ ಯಾರನ್ನು ಕೇಳುತ್ತದೆ ಅನ್ನೋದನ್ನು ರಿಸಾಲ್ವ್ ಸಿಟಿಎಲ್ ಸ್ಟೇಟಸ್ ಅಂತ ಟೈಪ್ ಮಾಡಿ ನೋಡಬೇಕು. ಟೈಪ್ ಮಾಡಿದ. ಕೇಬಲ್ ಕನೆಕ್ಷನ್ನಿನ ಕೆಳಗೆ 8.8.8.8 ಇತ್ತು. ಹೊರಗೆ ಅರ್ಜಿ ಹಿಡಿದು ಮೂರು ಜನ ಕಾಯುತ್ತಿದ್ದರು. ಮೊದಲಿನವರನ್ನು ಒಳಗೆ ಕರೆದ.