ಮುಂದಿನ ಜಾಕಿಗೆ ದನಿ ಬರಬೇಕಾದರೆ

ಕಂಪ್ಯೂಟರಿಗೆ ಹೊಸ ಸೌಂಡ್ ಕಾರ್ಡ್ ಹಾಕಿಸಿಕೊಂಡವರ ದೂರು ಹೆಚ್ಚುಕಡಿಮೆ ಒಂದೇ: "ಹಿಂದೆ ಚುಚ್ಚಿದರೆ ಹಾಡು ಚೆನ್ನಾಗಿ ಕೇಳುತ್ತೆ, ಕ್ಯಾಬಿನೆಟ್ ಮುಂದೆ ಚುಚ್ಚಿದರೆ ಅದೇ ಹಳೆ ದನಿ, ಇಲ್ಲಾಂದ್ರೆ ಏನೂ ಇಲ್ಲ." ಹಳೆ ದನಿ ಬರುತ್ತಿದ್ದರೆ ಕಾರಣ ಸುಲಭ. ಮುಂದಿನ ಜಾಕುಗಳ ಕೇಬಲ್ ಇನ್ನೂ ಮದರ್‌ಬೋರ್ಡಿಗೇ ಸಿಕ್ಕಿಕೊಂಡಿದೆ, ಅದನ್ನು ಕಿತ್ತು ಕಾರ್ಡಿಗೆ ಹಾಕಬೇಕು. ಹಾಕಿದ ಮೇಲೂ ಏನೂ ಕೇಳದಿದ್ದರೆ ಹೆಚ್ಚಿನವರು ಕಾರ್ಡನ್ನೋ ಕೇಬಲನ್ನೋ ದೂರುತ್ತಾರೆ. ನಾನು ನೋಡಿದ ಮಟ್ಟಿಗೆ ಎರಡೂ ಕೆಟ್ಟಿರುವುದು ಅಪರೂಪ. ಜಾಕಿನಲ್ಲಿ ಪ್ಲಗ್ ಇದೆ ಎಂಬ ಸುದ್ದಿ ಕಾರ್ಡಿಗೆ ಮುಟ್ಟಿರುವುದಿಲ್ಲ, ಅಷ್ಟೆ.

ಮೊದಲು ಕಾರ್ಡಿನ ಮೇಲೆ ಹೆಡರ್, ಅಂದರೆ ಮುಂದಿನ ಜಾಕುಗಳ ಕೇಬಲ್ ಕೂರುವ ಪಿನ್ನುಗಳ ಗುಂಪು, ಇದೆಯೇ ನೋಡಿ. ಐದೈದರ ಎರಡು ಸಾಲು, ಅದರಲ್ಲಿ 8ನೆಯ ಪಿನ್ ಇಲ್ಲ, ಒಟ್ಟು ಒಂಬತ್ತು. ಏಸುಸ್ ಝೋನಾರ್ ಡಿಎಕ್ಸ್, ಎಸೆನ್ಸ್ ಎಸ್‌ಟಿಎಕ್ಸ್, ಕ್ರಿಯೇಟಿವ್ ಸೌಂಡ್ ಬ್ಲಾಸ್ಟರ್ ಝಡ್ ಇವುಗಳಲ್ಲಿ ಇದೆ. ಅಗ್ಗದ ಹಲವು ಕಾರ್ಡುಗಳಲ್ಲಿ ಇಲ್ಲ. ಯುಎಸ್‌ಬಿ ಹೆಡರ್ ಕೂಡ ನೋಡಲು ಹೀಗೇ ಇರುತ್ತದೆ, ಆದರೆ ಅದರಲ್ಲಿ ಇಲ್ಲದ ಪಿನ್ ಮೂಲೆಯದು. ಆಡಿಯೊದಲ್ಲಿ ಮೂಲೆಯ ಪಿನ್ನಿನ ಪಕ್ಕದ್ದು. ಯುಎಸ್‌ಬಿ ಹೆಡರಿನಲ್ಲಿ 5 ವೋಲ್ಟ್ ಹರಿಯುವುದರಿಂದ ಆಡಿಯೊ ಪ್ಲಗ್ಗನ್ನು ಅಲ್ಲಿ ಒತ್ತಿ ತೂರಿಸುವ ಸಾಹಸ ಬೇಡ.

ಇನ್ನು ಗೊಂದಲದ ಮೂಲಕ್ಕೆ ಬರೋಣ. ಈ ಒಂಬತ್ತು ಪಿನ್ನುಗಳ ಅರ್ಥವನ್ನು ಇಂಟೆಲ್ ಎರಡು ಸಲ ಬರೆದಿದೆ. 1997ರ ಎಸಿ'97 ಎಂಬ ಮಾನದಂಡ ಒಂದು, 2004ರಲ್ಲಿ ಬಂದ ಎಚ್‌ಡಿ ಆಡಿಯೊ ಇನ್ನೊಂದು. ಪ್ಲಗ್ಗಿನ ಆಕಾರ ಒಂದೇ, ಒಳಗಿನ ಲೆಕ್ಕ ಬೇರೆ.

ಎಸಿ'97ರಲ್ಲಿ ದನಿಯೇ ಸುತ್ತು ಹಾಕಿ ಬರುತ್ತದೆ. ಬಲಗಿವಿಯ ದನಿ 5ನೆಯ ಪಿನ್ನಿನಿಂದ ಹೊರಟು ಮುಂದಿನ ಜಾಕಿಗೆ ಹೋಗಿ, 6ನೆಯ ಪಿನ್ನಿನಲ್ಲಿ ವಾಪಸಾಗಿ, ಆಮೇಲೆ ಹಿಂದಿನ ಸ್ಪೀಕರಿಗೆ ಸೇರುತ್ತದೆ. ಎಡಗಿವಿಯದು 9ರಿಂದ ಹೊರಟು 10ರಲ್ಲಿ ವಾಪಸು. ಮುಂದೆ ಹೆಡ್‌ಫೋನ್ ಚುಚ್ಚಿದ ಕೂಡಲೇ ಜಾಕಿನೊಳಗಿನ ಲೋಹದ ಪಟ್ಟಿ ಸರಿದು ಆ ದಾರಿ ಕಡಿಯುತ್ತದೆ, ಸ್ಪೀಕರ್ ಸುಮ್ಮನಾಗುತ್ತದೆ. ಇಲ್ಲಿ ಸಾಫ್ಟ್‌ವೇರಿಗೆ ಕೆಲಸವೇ ಇಲ್ಲ. ಮುಂದಿನ ಕೇಬಲ್ ಹಾಕದ ಹಳೆ ಬೋರ್ಡುಗಳಲ್ಲಿ 5-6, 9-10 ಪಿನ್ನುಗಳ ಮೇಲೆ, ಅವನ್ನು ಜೋಡಿಸುವ ಪುಟ್ಟ ಜಂಪರ್ ಕೂತಿರುತ್ತಿದ್ದುದು ಇದಕ್ಕೇ. ಅದನ್ನು ಕಿತ್ತು ಎಚ್‌ಡಿ ಕೇಬಲ್ ಹಾಕಿದರೆ ಹಿಂದಿನ ಸ್ಪೀಕರ್ ಮೂಕವಾಗುತ್ತದೆ, ಏಕೆಂದರೆ ದನಿ ಹೋಗುತ್ತದೆ, ವಾಪಸು ಬರುವುದಿಲ್ಲ.

ಎಚ್‌ಡಿ ಆಡಿಯೊದಲ್ಲಿ ದನಿ ಎಲ್ಲಿಗೂ ವಾಪಸಾಗಬೇಕಿಲ್ಲ. ಹೆಡ್‌ಫೋನಿಗೆ ಅದೇ 5 ಮತ್ತು 9, ಮೈಕಿಗೆ 1 ಮತ್ತು 3. ಉಳಿದ 6, 7, 10 ಬರೀ ಸುದ್ದಿ ಒಯ್ಯುವ ತಂತಿಗಳು. ಪ್ಲಗ್ ಒಳಹೊಕ್ಕಾಗ ಜಾಕಿನಲ್ಲಿರುವ ಪ್ರತ್ಯೇಕ ಸ್ವಿಚ್ 7ನ್ನು 10ಕ್ಕೆ (ಮೈಕಾದರೆ 6ಕ್ಕೆ) ಕೂಡಿಸುತ್ತದೆ, ದನಿ ಹೊರಡಿಸುವ ಚಿಪ್ ಅದನ್ನು ನೋಡಿ ದನಿಯ ದಾರಿ ಬದಲಿಸುತ್ತದೆ. ಅಂದರೆ ಎಸಿ'97ರಲ್ಲಿ ದನಿ ಓಡಾಡುತ್ತಿದ್ದ 6 ಮತ್ತು 10ರಲ್ಲಿ ಇಲ್ಲಿ ಸುದ್ದಿ ಓಡಾಡುತ್ತದೆ. ಹಳೆ ಎಸಿ'97 ಪ್ಯಾನೆಲನ್ನು (ಕ್ಯಾಬಿನೆಟ್ಟಿನ ಮುಂದಿನ ಜಾಕುಗಳಿರುವ ಭಾಗವನ್ನು) ಎಚ್‌ಡಿ ಹೆಡರಿಗೆ ಹಾಕಿದರೆ ಚಿಪ್ಪಿಗೆ ತಲೆಬುಡ ತಿಳಿಯದಿರುವುದು ಇದರಿಂದಲೇ. ಉಲ್ಟಾ ಮಾಡುವುದು ಇನ್ನೂ ಕೆಟ್ಟದ್ದು. ಎಸಿ'97ರ 4ನೆಯ ಪಿನ್ನಿನಲ್ಲಿ 5 ವೋಲ್ಟ್ ಇರಬಹುದು, ಎಚ್‌ಡಿ ಪ್ಯಾನೆಲಿನಲ್ಲಿ ಅದೇ ಪಿನ್ ಗ್ರೌಂಡಿಗೆ ಕಟ್ಟಿರುತ್ತದೆ, ಎರಡೂ ಕೂಡಿದರೆ ಶಾರ್ಟ್.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವಾಗಲೋ ಕೊಂಡ ಕ್ಯಾಬಿನೆಟ್ಟನ್ನೇ ಇಟ್ಟುಕೊಂಡು ಒಳಗಿನದನ್ನು ಮಾತ್ರ ಬದಲಿಸುತ್ತ ಬಂದವರು ನಮ್ಮಲ್ಲಿ ಬಹಳ ಮಂದಿ. ಅವರ ಕ್ಯಾಬಿನೆಟ್ಟಿನಲ್ಲಿ ಒಂದೇ ಕೇಬಲಿಗೆ ಎರಡು ಪ್ಲಗ್ ನೇತಾಡುವುದುಂಟು, ಒಂದರ ಮೇಲೆ ಎಸಿ'97, ಇನ್ನೊಂದರ ಮೇಲೆ ಎಚ್‌ಡಿ ಆಡಿಯೊ ಎಂದಿರುತ್ತದೆ. ಈಗಿನ ಕಾರ್ಡಿಗೆ ಎಚ್‌ಡಿಯದನ್ನೇ ಹಾಕಿ. ಇನ್ನೊಂದನ್ನು ಮದರ್‌ಬೋರ್ಡಿಗೆ ಕೊಟ್ಟು "ಎರಡರಿಂದಲೂ ಕೇಳಲಿ" ಎನ್ನಬೇಡಿ. ಎರಡು ಆಂಪ್ಲಿಫಯರುಗಳ ಬಾಯಿಯನ್ನು ಎದುರುಬದುರು ಕಟ್ಟಿದ ಹಾಗಾಗುತ್ತದೆ. ಹೆಸರೇ ಅಳಿಸಿಹೋಗಿದ್ದರೆ, ಎರಡು ತುದಿ ಕೂಡಿದ್ದರೆ ಬೀಪ್ ಎನ್ನುವ ಮಲ್ಟಿಮೀಟರ್ ಸಾಕು. ಪ್ಲಗ್ಗನ್ನು ಹೆಡರಿನಿಂದ ಬಿಚ್ಚಿ, ಮುಂದಿನ ಜಾಕು ಖಾಲಿಯಿರುವಾಗ 5 ಮತ್ತು 6ರ ನಡುವೆ ಬೀಪ್ ಬಂತೇ, ಅದು ಎಸಿ'97. ಬರಲಿಲ್ಲವೇ? ಹೆಡ್‌ಫೋನ್ ಚುಚ್ಚಿ 7 ಮತ್ತು 10 ಮುಟ್ಟಿ. ಬೀಪ್ ಬಂದರೆ ಎಚ್‌ಡಿ, ಸ್ವಿಚ್ಚೂ ಚೆನ್ನಾಗಿದೆ. ಎರಡೂ ಕಡೆ ಬರದಿದ್ದರೆ ಜಾಕಿನ ಸ್ವಿಚ್ ಹೋಗಿದೆ, ಅಥವಾ ಕ್ಯಾಬಿನೆಟ್ ತಯಾರಿಸಿದವರು ಕಾಸು ಉಳಿಸಲು ಆ ತಂತಿಯನ್ನೇ ಹಾಕಿಲ್ಲ.

ಎಸಿ'97 ಪ್ಯಾನೆಲೇ ಗತಿಯೆಂದಾದರೆ ಸಾಫ್ಟ್‌ವೇರಿನಲ್ಲಿ ಮುಂದಿನ ಜಾಕಿನ ಪತ್ತೆಯನ್ನು ನಿಲ್ಲಿಸಿ. ಮದರ್‌ಬೋರ್ಡಾದರೆ ರಿಯಲ್‌ಟೆಕ್ ಆಡಿಯೊ ಸಾಫ್ಟ್‌ವೇರಿನಲ್ಲಿ ಅದಕ್ಕೊಂದು ಟಿಕ್ ಗುರುತು ಇರುತ್ತದೆ, ಕಂಪ್ಯೂಟರ್ ಶುರುವಾಗುವಾಗಲೇ ತೆರೆಯುವ ಕೆಲವು ಬಯಾಸ್ ಸೆಟ್ಟಿಂಗ್‌ಗಳಲ್ಲೂ ಎಚ್‌ಡಿ ಅಥವಾ ಎಸಿ'97 ಎಂದು ಆರಿಸಬಹುದು. ಝೋನಾರ್ ಕಾರ್ಡುಗಳಂತೂ ಮುಂದೆ ಪ್ಲಗ್ ಬಂತೆಂದು ತಾವಾಗಿ ದಾರಿ ಬದಲಿಸುವುದಿಲ್ಲ. ಅವುಗಳ ಆಡಿಯೊ ಸೆಂಟರ್ ಎಂಬ ಸಾಫ್ಟ್‌ವೇರಿನಲ್ಲಿ 'ಎಫ್‌ಪಿ ಹೆಡ್‌ಫೋನ್' (ಎಫ್‌ಪಿ ಅಂದರೆ ಫ್ರಂಟ್ ಪ್ಯಾನೆಲ್) ಎಂದು ನೀವೇ ಆರಿಸಬೇಕು, ಮೈಕಿಗೂ ಹಾಗೆಯೇ. ಲಿನಕ್ಸಿನಲ್ಲಿ ಆಲ್ಸಾಮಿಕ್ಸರ್ ಎಂಬ ದನಿ ನಿಯಂತ್ರಣದ ಪ್ರೋಗ್ರಾಂ ತೆರೆದರೆ ಅದೇ ಆಯ್ಕೆ ಸಿಗುತ್ತದೆ. ಕೇಬಲ್ ಸರಿ, ಪಿನ್ ಸರಿ, ಆದರೂ ದನಿಯಿಲ್ಲ ಎಂದು ಹೊತ್ತುಕೊಂಡು ಬಂದ ಎಷ್ಟೋ ಪೆಟ್ಟಿಗೆಗಳು ಈ ಒಂದು ಕ್ಲಿಕ್ಕಿಗೆ ಸರಿಹೋಗಿವೆ. ವಿಂಡೋಸ್ ಇನ್ನೂ ಮದರ್‌ಬೋರ್ಡಿನ ಹಳೆಯ ಚಿಪ್ಪನ್ನೇ ಡೀಫಾಲ್ಟ್ ಎಂದುಕೊಂಡಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ಕೇಬಲ್ ಉದ್ದ ಸಾಲದಿರುವುದು ಸಾಮಾನ್ಯ. ಮದರ್‌ಬೋರ್ಡಿನ ಹೆಡರ್ ಕೆಳಗಿನ ಎಡಮೂಲೆಯಲ್ಲಿರುವುದರಿಂದ ಕ್ಯಾಬಿನೆಟ್ಟಿನವರು ಕೇಬಲನ್ನು ಅಲ್ಲಿಗೇ ಅಳೆದು ಕತ್ತರಿಸಿರುತ್ತಾರೆ. ಎಕ್ಸ್‌ಟೆನ್ಷನ್ ಹಾಕುವುದಾದರೆ ಶೀಲ್ಡ್ (ತಂತಿಯ ಸುತ್ತ ಲೋಹದ ಹೊದಿಕೆ) ಇರುವುದನ್ನೇ ಕೊಳ್ಳಿ, ಗ್ರಾಫಿಕ್ಸ್ ಕಾರ್ಡಿನ ಮೇಲೆ ಹಾಯಿಸದೆ ಬೋರ್ಡಿನ ಅಂಚಿನಲ್ಲಿ ತನ್ನಿ. ಮೌಸ್ ಅಲುಗಿದಾಗೆಲ್ಲ ಕಿವಿಯಲ್ಲಿ ಗುಂಯ್ ಎಂದರೆ ಮುಂದಿನ ಯುಎಸ್‌ಬಿ ಕೇಬಲನ್ನು ಒಮ್ಮೆ ಬಿಚ್ಚಿ ನೋಡಿ. ಸದ್ದು ನಿಂತರೆ ಮುಂದಿನ ಪುಟ್ಟ ಸರ್ಕ್ಯೂಟಿನಲ್ಲಿ ಆಡಿಯೊ ಮತ್ತು ಯುಎಸ್‌ಬಿ ಒಂದೇ ಗ್ರೌಂಡ್ ಹಂಚಿಕೊಂಡಿವೆ ಎಂದು ತಿಳಿಯಬೇಕು. ಅದಕ್ಕೆ ಯಾವ ದುಬಾರಿ ಕಾರ್ಡೂ ಮದ್ದಲ್ಲ.

ಕಾರ್ಡಿನಲ್ಲಿ ಹೆಡರೇ ಇಲ್ಲವೆಂದರೆ ಬೆಸುಗೆ ಹಾಕುವ ಉಸಾಬರಿಗೆ ಹೋಗಬೇಡಿ. ಮುಂದಿನ ಜಾಕುಗಳನ್ನು ಮದರ್‌ಬೋರ್ಡಿಗೇ ಬಿಟ್ಟು ಫೋನ್ ಕರೆಗೆ ಬಳಸಿ, ಹಾಡಿಗೆ ಕಾರ್ಡಿನ ಹಿಂದಿನಿಂದ 3.5 ಮಿ.ಮೀ.ನ ಒಂದು ಎಕ್ಸ್‌ಟೆನ್ಷನ್ ಎಳೆದು ಮೇಜಿನ ಮೇಲೆ ತನ್ನಿ. ಪ್ಲಗ್ಗಿನಲ್ಲಿ ನಾಲ್ಕು ಲೋಹದ ಪಟ್ಟಿಗಳಿರುವ ಮೊಬೈಲಿನ ಹೆಡ್‌ಸೆಟ್ಟನ್ನು ಎರಡು ಜಾಕಿನ ಕ್ಯಾಬಿನೆಟ್ಟಿಗೆ ಹಾಕುವವರು, ಮೈಕನ್ನೂ ಹೆಡ್‌ಫೋನನ್ನೂ ಬೇರ್ಪಡಿಸುವ ಸ್ಪ್ಲಿಟರ್ ತೆಗೆದುಕೊಳ್ಳಬೇಕು. ಅಂಗಡಿಯಲ್ಲಿ ಅದರ ಪಕ್ಕದಲ್ಲೇ ನೇತುಹಾಕಿರುವ, ಇಬ್ಬರು ಒಟ್ಟಿಗೆ ಹಾಡು ಕೇಳಲು ಮಾಡಿದ ಸ್ಪ್ಲಿಟರ್ ನೋಡಲು ಹಾಗೇ ಇದ್ದರೂ ಅದರಲ್ಲಿ ಮೈಕ್ ಕೆಲಸ ಮಾಡುವುದಿಲ್ಲ.