ನಡೆಯುವಾಗ ಮಾತಾಡಿಸಿದರೆ ದೊಡ್ಡಪ್ಪ ನಿಲ್ಲುವುದೇಕೆ?

ದೊಡ್ಡಪ್ಪನಿಗೆ ಸ್ಟ್ರೋಕ್ ಆಗಿ, ಅಂದರೆ ಲಕ್ವ ಹೊಡೆದು, ಎಂಟು ತಿಂಗಳಾಗಿತ್ತು. ಎಡಗಾಲನ್ನು ಸ್ವಲ್ಪ ಹೊರಗೆ ಸುತ್ತಿಸಿ ಹಾಕುತ್ತಿದ್ದರು, ಅಷ್ಟೇ. ಕೋಲಿಲ್ಲದೆ ಹಜಾರದಿಂದ ಅಡುಗೆಮನೆಗೆ ಬರುತ್ತಿದ್ದರು. ಒಂದು ದಿನ ಹಾಗೆ ಬರುವಾಗ ಸುಮ್ನೆ ಕೇಳಿದೆ: "ದೊಡ್ಡಪ್ಪ, ಇವತ್ತು ಕೊಬ್ಬರಿ ಎಷ್ಟಕ್ಕೆ ಹೋಯ್ತಂತೆ?" ಅವರು ನಿಂತರು. ಗೋಡೆಗೆ ಕೈ ಕೊಟ್ಟರು. ರೇಟು ಹೇಳಿದರು. ಆಮೇಲೆ ಮತ್ತೆ ಹೆಜ್ಜೆ ಎತ್ತಿಟ್ಟರು.

ತಿಪಟೂರಿನ ಮಂಡಿಯಲ್ಲಿ ಮೂವತ್ತು ವರ್ಷ ಬಾಯಿಲೆಕ್ಕದಲ್ಲೇ ವ್ಯಾಪಾರ ಮಾಡಿದ ಮನುಷ್ಯ ಅವರು. ಕೂತಾಗ ಎಂಥ ಲೆಕ್ಕ ಕೇಳಿದರೂ ಥಟ್ಟನೆ ಹೇಳುತ್ತಿದ್ದರು. ನಡಿಗೆಯೂ ಬರುತ್ತಿತ್ತು, ಲೆಕ್ಕವೂ ಬರುತ್ತಿತ್ತು. ಎರಡೂ ಒಟ್ಟಿಗೆ ಬರುತ್ತಿರಲಿಲ್ಲ.

ಸ್ವೀಡನ್ನಿನ ಉಮಿಯೊದಲ್ಲಿ ಸಂಶೋಧಕರು ಇದನ್ನೇ ಗಮನಿಸಿ 1997ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆರೈಕೆ ವಸತಿಯಲ್ಲಿದ್ದ 58 ಹಿರಿಯರ ಜೊತೆ ಹೆಜ್ಜೆ ಹಾಕುತ್ತಾ ಮಾತು ತೆಗೆದರು. 12 ಜನ ಮಾತಾಡಲು ನಿಂತುಬಿಟ್ಟರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಜನ ಬಿದ್ದರು. ಆ 58 ಜನರೆಲ್ಲರೂ ಸ್ಟ್ರೋಕ್ ಆದವರೇನಲ್ಲ. ಆಮೇಲೆ ಸ್ಟ್ರೋಕ್ ಆದವರಲ್ಲಿ ನೋಡಿದಾಗ ಈ ಗುರುತು ಅಷ್ಟು ಖಚಿತವಾಗಿ ಕಾಣಲಿಲ್ಲ. ಆದರೂ ಒಂದು ವಿಷಯ ಗೊತ್ತಾಯಿತು. ನಡಿಗೆ ಬರೀ ಕಾಲಿನ ಕೆಲಸ ಅಲ್ಲ.

ನಾವು ನಡೆಯುವಾಗ ಹೆಜ್ಜೆಯ ಬಗ್ಗೆ ಯೋಚಿಸುತ್ತೇವಾ? ಇಲ್ಲ ಅಲ್ವಾ. ಬೆನ್ನುಹುರಿಯ ನರಜಾಲ, ಕಿರುಮೆದುಳು, ಮೆದುಳಿನ ಆಳದ ಭಾಗಗಳು ಸೇರಿಕೊಂಡು ಆ ಕೆಲಸವನ್ನು ಹೆಚ್ಚುಕಮ್ಮಿ ತಾವೇ ನಡೆಸಿಕೊಂಡು ಹೋಗುತ್ತವೆ. ಸ್ಟ್ರೋಕ್‌ನಲ್ಲಿ ಮೆದುಳಿನಿಂದ ಕಾಲಿಗೆ ಬರುವ ನರಗಳ ದಾರಿಗೆ ಪೆಟ್ಟು ಬಿದ್ದರೆ ಈ ಸರಾಗ ಹೋಗುತ್ತದೆ. ಪಾದ ಎತ್ತಬೇಕು, ಮೊಣಕಾಲು ಮಡಿಸಬೇಕು, ಭಾರ ಆ ಕಡೆ ಹಾಕಬೇಕು ಅಂತ ಪ್ರತಿ ಹೆಜ್ಜೆಗೂ ಮನಸ್ಸು ಕೊಡಬೇಕಾಗುತ್ತದೆ. ತಲೆಗೆ ಟೋಪಿಯಂಥ ಸಾಧನ ಹಾಕಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ನಡೆಯುವವರ ಮೆದುಳಿನ ರಕ್ತದಲ್ಲಿನ ಆಮ್ಲಜನಕ ಅಳೆಯಬಹುದು. ಹೀಗೆ ನೋಡಿದಾಗ, ಸ್ಟ್ರೋಕ್ ಆದವರಲ್ಲಿ ಹಣೆಯ ಹಿಂದಿರುವ ಭಾಗ ಬರೀ ನಡಿಗೆಗೇ ಜಾಸ್ತಿ ದುಡಿಯುವುದು ಕಂಡಿದೆ. ಲೆಕ್ಕಕ್ಕೂ ಅದೇ ಭಾಗ ಬೇಕು. ಕೊಬ್ಬರಿ ರೇಟು ಕೇಳಿದಾಗ ನಾನು ಕೈ ಹಾಕಿದ್ದು ಅಲ್ಲಿಗೇ.

ಇದನ್ನು ಅಳೆಯುವುದು ಸುಲಭ. ಮೊದಲು ಹತ್ತು ಮೀಟರ್ ಸುಮ್ನೆ ನಡೆಸುತ್ತಾರೆ. ಆಮೇಲೆ 100ರಿಂದ ಏಳೇಳು ಕಳೆಯುತ್ತಾ ನಡೆಸುತ್ತಾರೆ: 93, 86, 79... ಮೊದಲ ಸಲ 12.5 ಸೆಕೆಂಡ್, ಎರಡನೇ ಸಲ 16 ಸೆಕೆಂಡ್ ಹಿಡಿಯಿತು ಅಂದುಕೊಳ್ಳಿ. ವೇಗ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿಯಿತು. ಕಿವಿಗೆ ಬಿದ್ದ ಸದ್ದಿಗೆ ಪ್ರತಿಕ್ರಿಯಿಸುವಂಥ ಕೆಲಸಕ್ಕಿಂತ, ಹೀಗೆ ಒಳಗೊಳಗೇ ಎಣಿಸುವ, ಪದ ಹುಡುಕುವ ಕೆಲಸ ನಡಿಗೆಯನ್ನು ಹೆಚ್ಚು ಕೆಡಿಸುತ್ತದೆ. ಎಷ್ಟೋ ಸಲ ಲೆಕ್ಕವೂ ತಪ್ಪುತ್ತದೆ.

ರಸ್ತೆಯಲ್ಲಿ ಇದರ ಬೆಲೆ ದೊಡ್ಡದು. ಪಾದಚಾರಿ ಸಿಗ್ನಲ್‌ಗಳ ಸಮಯವನ್ನು ಹಲವು ಕಡೆ ಸೆಕೆಂಡಿಗೆ 1.2 ಮೀಟರ್ ನಡಿಗೆ ಲೆಕ್ಕದಲ್ಲಿ ಇಡುತ್ತಾರೆ. ಹನ್ನೆರಡು ಮೀಟರ್ ರಸ್ತೆಗೆ ಹತ್ತು ಸೆಕೆಂಡ್. ಮೇಲೆ ಹೇಳಿದವರಿಗೆ ಸುಮ್ನೆ ನಡೆದರೇ 15 ಸೆಕೆಂಡ್ ಬೇಕು. ಜೇಬಿನಲ್ಲಿ ಫೋನ್ ರಿಂಗ್ ಆದರೆ? ಆಸ್ಪತ್ರೆಯ ನುಣುಪು ಕಾರಿಡಾರಿನಲ್ಲಿ ಚೆನ್ನಾಗಿ ನಡೆದರು ಅಂತ ಮನೆಗೆ ಕಳಿಸುವಾಗ ಇದನ್ನೂ ಒಂದು ಸಲ ನೋಡಲೇಬೇಕು ಅಂತ ನನಗೆ ಅನಿಸುತ್ತದೆ.

ಅಭ್ಯಾಸದಿಂದ ಸುಧಾರಿಸುತ್ತಾ? ಹಾಂಗ್‌ಕಾಂಗ್‌ನಲ್ಲಿ ಸ್ಟ್ರೋಕ್ ಆದ 84 ಜನರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಎಂಟು ವಾರ, ವಾರಕ್ಕೆ ಮೂರು ದಿನ, ಒಂದು ಗುಂಪಿಗೆ ನಡಿಗೆ, ಸಮತೋಲನದ ವ್ಯಾಯಾಮದ ಜೊತೆಗೇ ತಲೆಗೂ ಕೆಲಸ ಕೊಟ್ಟರು. ಎರಡೂ ಒಟ್ಟಿಗೆ ಮಾಡುತ್ತಾ ನಡೆಯುವುದು ಆ ಗುಂಪಿನಲ್ಲಿ ಮಾತ್ರ ಸುಧಾರಿಸಿತು. ಬೀಳುವುದೂ ಕಡಿಮೆಯಾಯಿತು.

ದೊಡ್ಡಪ್ಪನಿಗೂ ಫಿಸಿಯೋಥೆರಪಿಸ್ಟ್ ಇಂಥದ್ದೇ ಹೇಳಿಕೊಟ್ಟರು. ಮೊದಲು ಗೋಡೆ ಪಕ್ಕ, ಅವರ ಎಡಗಡೆ ಒಬ್ಬರು ಜೊತೆಗಿದ್ದು, ವಾರದ ಹೆಸರು ಹೇಳುತ್ತಾ ನಡೆಯುವುದು. ಅದು ಸಲೀಸಾದ ಮೇಲೆ ಮಗ್ಗಿ. ನಾನು ಎಡಗಡೆ ಇರುತ್ತಿದ್ದೆ. ಏಳೊಂದಲ ಏಳರಿಂದ ಶುರುವಾಗಿ ಏಳಾರಲಕ್ಕೆ ಬಂದಾಗ ಹೊಸ್ತಿಲು ಎದುರಾಗುತ್ತಿತ್ತು. ಅಲ್ಲಿ ಅವರು ಮಗ್ಗಿ ನಿಲ್ಲಿಸಿ, "ತಡಿ" ಅಂದು, ಎಡಪಾದ ಹೊಸ್ತಿಲು ದಾಟಿಸಿ, ಆ ಕಡೆ ಗಟ್ಟಿಯಾಗಿ ಊರಿ, ಆಮೇಲೆ "ನಲವತ್ತೆರಡು" ಅನ್ನುತ್ತಿದ್ದರು.